ದೊಡ್ಡಮ್ಮ ಒಡೆಯದ ಪತ್ರ

ಮೂವತ್ತೊಂದು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತಳಾದ ನಮ್ಮ ದೊಡ್ಡಮ್ಮನಿಗೆ ಆನ್‌ಲೈನ್ ಆಟದ ರುಚಿ ಹತ್ತಿಸಿದವಳು ನಾನೇ. ಮಂಡಿನೋವಿಗೆ ಮನೆಯಲ್ಲೇ ಕೂತು ಎಲ್ಲರ ಮೇಲೆ ಸಿಡುಕುತ್ತಿದ್ದಳು. ಕೂತಲ್ಲೇ ಊರೂರು ತಿರುಗಲಿ ಅಂತ ನನ್ನ ಹಳೇ ಕಂಪ್ಯೂಟರನ್ನು ಅವಳ ಅಡುಗೆಮನೆಯ ಮೂಲೆಗೆ ತಂದಿಟ್ಟೆ. ಆಟದಲ್ಲೇ ಪರಿಚಯವಾದ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬಸ್ ಡ್ರೈವರು, ನಾನು, ದೊಡ್ಡಮ್ಮ, ಹೀಗೆ ಅವರವರ ಮನೆಯಿಂದಲೇ ಹೆಡ್‌ಫೋನಿನಲ್ಲಿ ಮಾತಾಡುತ್ತಾ ಆಡುವ ನಾಲ್ಕು ಜನರ ತಂಡ ನಮ್ಮದು.

ಆ ಆಟದಲ್ಲಿ ಕಥೆ ಸಾಗುವುದೇ ಕ್ವೆಸ್ಟುಗಳಿಂದ. ಆಟದೊಳಗಿನ ಊರಿನವರು ಎದುರಾಗುತ್ತಾರೆ, ಕಷ್ಟಸುಖ ಹೇಳಿಕೊಳ್ಳುತ್ತಾರೆ, ಕೊನೆಗೊಂದು ಕೆಲಸ ಒಪ್ಪಿಸುತ್ತಾರೆ. ಕೆಲಸ ಮುಗಿದರೆ ಕಥೆ ಒಂದು ಹೆಜ್ಜೆ ಮುಂದೆ. ನಾವು ಮೂವರೂ ಆ ಕಷ್ಟಸುಖದ ತಂಟೆಗೇ ಹೋದವರಲ್ಲ. ‘ಸ್ಕಿಪ್’ ಒತ್ತಿ, ಹಳದಿ ಬಾಣ ತೋರಿಸಿದತ್ತ ಓಡಿ, ಹತ್ತು ತೋಳ ಹೊಡೆದು ಬರುವವರು. ದೊಡ್ಡಮ್ಮ ಮಾತ್ರ ಕನ್ನಡಕ ಏರಿಸಿ ಒಂದಕ್ಷರ ಬಿಡದೆ ಓದುತ್ತಿದ್ದಳು. ಉಪ್ಪು ಮಾರುವವನಿಗೆ ಬೆನ್ನುನೋವು, ಅವನ ಪಕ್ಕದ ನೀಲಿ ಬಾಗಿಲಿನ ಮುದುಕಿ ಮಗ ಸೈನ್ಯ ಸೇರಿದಾಗಿನಿಂದ ಬಾಗಿಲೇ ತೆಗೆದಿಲ್ಲ, ಎಲ್ಲ ಅವಳಿಗೆ ಗೊತ್ತು.

“ತೋಳ ಎಲ್ಲಿಗೂ ಹೋಗಲ್ಲ. ಪಾಪ, ಅವನು ಮಾತು ಮುಗಿಸ್ಲಿ ಇರೇ,” ಅನ್ನುವಳು.

ಎಡವಟ್ಟಾದದ್ದು ಕೋಟೆ ಬಾಗಿಲಲ್ಲಿ. ಸಾಯುತ್ತಿದ್ದ ಸೈನಿಕನೊಬ್ಬ ದೊಡ್ಡಮ್ಮನ ಕೈಗೆ ಪತ್ರ ಕೊಟ್ಟು, “ನಮ್ಮಮ್ಮನಿಗೆ ತಲುಪಿಸಿ” ಅಂದು ಕಣ್ಣು ಮುಚ್ಚಿದ. ಬಾಣ ಪತ್ರದ ಮೇಲೇ ಮಿನುಗಿತು: ಒಡೆದು ಓದಿ. ಕೋಟೆ ಬಾಗಿಲು ತೆರೆಸುವ ಗುಟ್ಟಿನ ಮಾತು ಅದರೊಳಗಿತ್ತು. ದೊಡ್ಡಮ್ಮ ಜಪ್ಪಯ್ಯ ಅಂದರೂ ಒಡೆಯಲಿಲ್ಲ.

“ಇನ್ನೊಬ್ಬರ ಪತ್ರ ಕಣೇ ಇದು.”

“ಇದು ಆಟ ದೊಡ್ಡಮ್ಮ. ಕಾಗದಾನೂ ಇಲ್ಲ, ಕವರೂ ಇಲ್ಲ.”

“ಅವನಿಗೆ ಅಮ್ಮ ಇದಾಳಲ್ಲ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಮೂರು ವಾರ ಕೋಟೆಯ ಹೊರಗೆ ನೊಣ ಹೊಡೆಯುತ್ತಾ ನಿಂತೆವು. ಕೊನೆಗೆ ಡಾಕ್ಟರ ತಾಳ್ಮೆ ಕೆಟ್ಟಿತು. “ಭಾನುವಾರ ಮಧ್ಯಾಹ್ನದೊಳಗೆ ಬಾಗಿಲು ತೆಗೀದಿದ್ರೆ ಅವರ ಬದಲು ಬೇರೆಯವರನ್ನ ಸೇರಿಸ್ಕೊಳ್ಳೋಣ,” ಅಂದರು. ಡ್ರೈವರು ಹೂಂ ಅಂದರು. ನಾಚಿಕೆಗೇಡು, ನಾನೂ ಹೂಂ ಅಂದೆ.

ದೊಡ್ಡಮ್ಮನಿಗೆ ತಿಳಿಸುವ ಕೆಲಸವೂ ನನ್ನ ತಲೆಗೇ ಬಂತು. ಅವಳು ಪಾತ್ರೆ ಒರೆಸುತ್ತಾ, “ಹಾಗಾದ್ರೆ ಸಂಜೆ ಹೊತ್ತು ನಾನು ಯಾರ ಜೊತೆ ಮಾತಾಡ್ಲಿ?” ಅಂದಳು. ಆದರೂ ಪತ್ರ ಒಡೆಯುತ್ತೇನೆ ಅನ್ನಲಿಲ್ಲ ಮಹಾತಾಯಿ.

ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ಅವಳ ಪಕ್ಕದಲ್ಲೇ ಕೂತೆ. ದೊಡ್ಡಮ್ಮ ಕೋಟೆಗೆ ಬೆನ್ನು ಹಾಕಿ ಹೊರಟೇಬಿಟ್ಟಳು. ಬಾಣವಿಲ್ಲ, ಪತ್ರದ ಮೇಲೆ ವಿಳಾಸವಿಲ್ಲ. ನಾವು ಮೂವರೂ ಗೊಣಗುತ್ತಾ ಹಿಂಬಾಲಿಸಿದೆವು.

“ಎಲ್ಲಿಗೆ ದೊಡ್ಡಮ್ಮ?”

“ವಿಳಾಸ ಇಲ್ದಿರೋ ಪತ್ರ ನನಗೇನು ಹೊಸದಾ?”

ಕಾಡು ದಾಟಿ, ಸೇತುವೆ ದಾಟಿ, ಉಪ್ಪಿನವನ ಅಂಗಡಿ ಪಕ್ಕದಲ್ಲಿ ನಿಂತಳು. ನೀಲಿ ಬಾಗಿಲು ತಟ್ಟಿದಳು. ಅದು ತೆರೆಯಿತು. ಮುದುಕಿ ಪತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ತೆರೆಯ ಮೇಲೆ ಅವಳ ಮಾತು ಮೂಡಿತು: “ನನಗೆ ಓದೋಕೆ ಬರಲ್ಲ ತಾಯಿ. ನೀವೇ ಓದಿ ಹೇಳ್ತೀರಾ?”

ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಕೆಲಸದಲ್ಲಿದ್ದಾಗ ಎಷ್ಟು ಹೊಸ್ತಿಲ ಮೇಲೆ ಕೂತು ಹೀಗೆ ಓದಿ ಹೇಳಿದ್ದಳೋ.

“ಈಗ ಒಡೀಬಹುದು,” ಅಂದಳು.

ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದಳು. ಕೋಟೆ ಬಾಗಿಲ ಗುಟ್ಟಿನ ಮಾತಿಗೆ ಮಗ ಮನೆಯ ಕರುವಿನ ಹೆಸರಿಟ್ಟಿದ್ದ. ಅದು ಎರಡನೇ ಸಾಲಿನಲ್ಲೇ ಸಿಕ್ಕಿತು. ನಮಗೆ ಬೇಕಾದದ್ದು ಅಷ್ಟೇ. ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿ, “ಸಿಕ್ತಲ್ಲ, ನೀವು ಹೊರಡಿ. ನಾನು ಇವಳಿಗೆ ಪೂರ್ತಿ ಓದಿ ಬರ್ತೀನಿ,” ಅಂದಳು.

ಯಾರೂ ಕದಲಲಿಲ್ಲ. ಹೆಡ್‌ಫೋನಿನಲ್ಲಿ ಡಾಕ್ಟರ ದನಿ ಬಂತು.

“ಮುಂದೆ ಓದಿ ಅಕ್ಕ.”