ಹದಿನೇಳನೇ ನಂಬರಿನ ಕಲ್ಲು

ಮೊನ್ನೆ ಕಾಪುವಿನಿಂದ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಶಂಕರಪುರದ ಎಸ್ತರ್ ಉಂಟಲ್ಲ, ಅವಳಿಗೆ ಕಲ್ಲು ಓದಿ ಓದಿ ಮುಖವೂ ಕಲ್ಲಾಗಿದೆ, ಒಂದು ದಿನ ನಕ್ಕದ್ದು ಕಂಡವರಿಲ್ಲ, ಮದುವೆಯಾಗದೆ ಉಳಿದರೆ ಹಾಗೇ ಮಾರಾಯ, ಅಂತ. ಹೇಳಿದವನು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕು ಅನಿಸಿತು. ಹಿಡಿಯಲಿಲ್ಲ. ಎಸ್ತರ್ ಮುಖದ ನಗು ಹೋದದ್ದು ಮದುವೆಯಾಗದೆ ಅಲ್ಲ, ಪರೀಕ್ಷೆಯ ಕೋಣೆಯಲ್ಲಿ. ಆ ಕೋಣೆಯಲ್ಲಿ ನಾನೂ ಇದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಯಾರಿಗೆ ಬೈಯಬೇಕೋ ನೀವೇ ನೋಡಿ ಬೈಯಿರಿ.

ನಾನು ಶೀನ, ನಿಟ್ಟೆಯವನು. ಅಪ್ಪ, ಅಜ್ಜ ಎಲ್ಲ ಕಾರ್ಕಳದ ಬಂಡೆ ಒಡೆದು, ದೋಸೆ ಹಿಟ್ಟು ರುಬ್ಬುವ ಕಡೆಯುವ ಕಲ್ಲು ಮಾಡಿದವರು. ನನ್ನನ್ನು ಮಾತ್ರ ಎಂಟನೇ ತರಗತಿಯವರೆಗೆ ಓದಿಸಿದರು. ೧೯೫೫ರಲ್ಲಿ ಉಡುಪಿಯ ಕಡೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಭೂವಿಜ್ಞಾನದ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದೆ. ಕಲ್ಲಿನ ಮನೆಯಿಂದ ಬಂದವನು ಅಂತ ಕಲ್ಲಿನ ಕಪಾಟಿಗೇ ಹಾಕಿದರು. ಧೂಳು ಒರೆಸುವುದು, ಕಲ್ಲಿನ ಮೇಲಿನ ನಂಬರು ಅಳಿಸಿಹೋದರೆ ಬಿಳಿ ಪೇಂಟಿನಲ್ಲಿ ತಿದ್ದುವುದು, ಪ್ರೊಫೆಸರ್ ದೇವದಾಸರಿಗೆ ಚಹಾ ತರುವುದು. ಇಷ್ಟೇ ಕೆಲಸ.

ಎಸ್ತರ್ ಬಂದದ್ದು ೧೯೫೮ರಲ್ಲಿ. ಶಂಕರಪುರದ ಜೋಕಿಮ್ ಅವರ ಹಿರಿಯ ಮಗಳು. ಮನೆಯಲ್ಲಿ ಮಲ್ಲಿಗೆ ಬೆಳೆ. ಬೆಳಗಾಗುತ್ತಲೇ ತಾಯಿ ಜೆರ್ಟ್ರೂಡ್ ಬಾಯಿಯ ಜೊತೆ ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಮಾಡಿಟ್ಟು ಕಾಲೇಜಿನ ಬಸ್ಸು ಹಿಡಿಯುತ್ತಿದ್ದರು. ಇಪ್ಪತ್ತೆರಡು ಹುಡುಗರ ನಡುವೆ ಒಬ್ಬರೇ ಹುಡುಗಿ. “ಕಲ್ಲು ಓದಲಿಕ್ಕೆ ಕಾಲೇಜು ಬೇಕಾ? ಅಂಗಳದಲ್ಲಿ ಬೇಕಾದಷ್ಟು ಉಂಟು, ಕೂತು ಓದು ಅಂತಾರೆ ಅಮ್ಮ,” ಎಂದು ನನ್ನ ಹತ್ತಿರ ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದರು. ಬಸ್ಸಿನ ಆ ಹಲ್ಲುಕಿರುಕನಿಗೆ ಇದನ್ನು ಕೇಳಿಸಬೇಕಿತ್ತು.

ಆ ಲ್ಯಾಬಿನಲ್ಲಿ ಅಟೆಂಡರನನ್ನು ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದವರು ಅವರೊಬ್ಬರೇ. ಒಂದು ದಿನ ಕೇಳಿದರು: “ಶೀನಣ್ಣ, ನಿಮ್ಮ ಅಪ್ಪ ಕಡೆಯುವ ಕಲ್ಲಿಗೆ ಎಂಥ ಕಲ್ಲು ಆರಿಸ್ತಾರೆ?”

“ಎಳೆ ಇಲ್ಲದ್ದು,” ಅಂದೆ. “ಎಳೆ ಇದ್ದರೆ ಉಳಿ ಹೇಳಿದ ಹಾಗೆ ಕೇಳುವುದಿಲ್ಲ, ಎಳೆ ಹೋದ ಕಡೆಗೇ ಸೀಳುತ್ತದೆ. ಕಡೆದರೆ ದೋಸೆ ಹಿಟ್ಟಿನಲ್ಲಿ ಕಲ್ಲು ಸಿಗುತ್ತದೆ.”

ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಮಾರಾಯ್ರೆ! ನನ್ನ ಅಪ್ಪನ ಮಾತನ್ನು! ಆಮೇಲೆ ಕಪಾಟಿನಿಂದ ಎರಡು ಕಲ್ಲು ತೆಗೆದು ನನಗೇ ಪಾಠ ಮಾಡಿದರು. ಒಂದು ಗ್ರಾನೈಟ್. ನೆಲದ ಆಳದಲ್ಲಿ ಕರಗಿದ ಕಲ್ಲು ಮೇಲೆ ಬಾರದೆ ಅಲ್ಲೇ ನಿಧಾನವಾಗಿ ಆರಿ ಗಟ್ಟಿಯಾದದ್ದು. ಆರಲು ಪುರುಸೊತ್ತು ಸಿಕ್ಕಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು, ಜಾಗ ಸಿಕ್ಕಿದತ್ತ ಬೆಳೆದವು, ಅವಕ್ಕೆ ದಿಕ್ಕು ಇಲ್ಲ. ಅದೇ ಕರಗಿದ್ದು ಮೇಲೆ ಉಕ್ಕಿ ಬೇಗ ಆರಿದರೆ ಹರಳು ಕಾಣದ ನುಣ್ಣನೆಯ ಕಲ್ಲಾಗುತ್ತದೆ. ಇವೆಲ್ಲ ಅಗ್ನಿಶಿಲೆ. ಎಲ್ಲಿ ಆರಿತು, ಒಳಗೆ ಎಂತ ಉಂಟು ಎಂದು ನೋಡಿ ಅವಕ್ಕೆ ಹೆಸರು ಇಡುವುದು. ಇನ್ನೊಂದು ಕಲ್ಲು ನೈಸ್. ಇದ್ದ ಹಳೆಯ ಕಲ್ಲೇ ಆಳಕ್ಕೆ ಇಳಿದು, ಕರಗದೆ, ಬಿಸಿಗೂ ಒತ್ತಡಕ್ಕೂ ಸಿಕ್ಕಿ ಒಳಗಿನ ಜೋಡಣೆ ಬದಲಿಸಿಕೊಂಡದ್ದು. ಅಭ್ರಕದ ಚೂರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಕಪ್ಪು ಬಿಳಿ ಪಟ್ಟೆ ಕಟ್ಟಿದೆ. ಇದು ರೂಪಾಂತರ ಶಿಲೆ.

“ಎರಡರಲ್ಲೂ ಇರುವ ಸಾಮಾನು ಒಂದೇ ಶೀನಣ್ಣ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಜೋಡಣೆ ಮಾತ್ರ ಬೇರೆ. ಕೈಯಲ್ಲಿ ಹಿಡಿದು, ತಿರುಗಿಸಿ, ನೋಡಿಯೇ ಹೇಳಬೇಕು. ನೋಡದೆ ಹೇಳಲಿಕ್ಕೆ ಬರುವುದೇ ಇಲ್ಲ.”

ಅಪ್ಪ ಬೈದು ಬದಿಗೆ ಎಸೆಯುತ್ತಿದ್ದ ಎಳೆಕಲ್ಲಿಗೆ ನೈಸ್ ಅಂತ ಹೆಸರಿಟ್ಟಿದ್ದಾರೆ ಎಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಕಾಪುವಿನ ಸಮುದ್ರದ ಬಂಡೆಯಲ್ಲಿ ಅಂಥ ಪಟ್ಟೆ ಉಂಟು ಎಂದು ರಜೆಯಲ್ಲಿ ಹೋಗಿ, ಕೂತು, ಬರೆದು ತಂದ ಚಿತ್ರವನ್ನೂ ಎಸ್ತರ್ ತೋರಿಸಿದರು. ಕಾಪುವಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಒಂದು ಜಾಗ ಖಾಲಿ ಇತ್ತು. ಜೂನಿನಲ್ಲಿ ಬಿ.ಎಸ್ಸಿ. ಪಾಸಾಗಿ ಬಂದರೆ ಆ ಜಾಗ ನಿನಗೇ ಎಂದು ಹೆಡ್‌ಮಿಸ್ಟ್ರೆಸ್ ಮಾತು ಕೊಟ್ಟಿದ್ದರು. ಎಸ್ತರ್ ಆ ಜೂನಿಗಾಗಿಯೇ ಓದಿದರು.

ಈಗ ನನ್ನ ಹೊಲಸು ಹೇಳುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಗೆಂದೇ ಇಪ್ಪತ್ತು ಕಲ್ಲುಗಳ ಒಂದು ಪೆಟ್ಟಿಗೆ ಇತ್ತು, ವಿಲಾಯತಿಯಿಂದ ತರಿಸಿದ್ದು. ವರ್ಷವಿಡೀ ಬೀಗ ಹಾಕಿ ಇಡುವುದು, ಪರೀಕ್ಷೆಯ ದಿನ ಮಾತ್ರ ತೆಗೆಯುವುದು. ಹದಿನೇಳನೇ ನಂಬರು ಒಳ್ಳೆಯ ಕೆಂಪು ಬಣ್ಣದ ಗ್ರಾನೈಟ್. ಅದು ಕಾಲೇಜು ಕಮಿಟಿಯ ಅಧ್ಯಕ್ಷರಿಗೆ ಚಂದ ಕಂಡಿತು. ದೇವದಾಸರು ಕಾಗದ ಹಾರದಂತೆ ಇಡಲಿಕ್ಕೆ ಆಯಿತು ಅಂತ ಅವರ ಮೇಜಿಗೆ ಕೊಟ್ಟೇಬಿಟ್ಟರು. ನನ್ನನ್ನು ಕರೆದು, “ಊರಿಗೆ ಹೋದಾಗ ಅಷ್ಟೇ ಗಾತ್ರದ್ದು ಯಾವುದಾದರೂ ಒಂದು ತಂದು ಹದಿನೇಳು ಬರೆದಿಡು ಮಾರಾಯ,” ಅಂದರು. ಊರಿನಲ್ಲಿ ಹುಡುಕಿದರೆ ಎಳೆ ಇಲ್ಲದ್ದು ಸಿಗುತ್ತಿತ್ತು. ನಾನು ಹುಡುಕಲಿಲ್ಲ. ನಿಟ್ಟೆಯ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ, ಬಸ್ಸು ಬಂತು, ಕಾಲ ಹತ್ತಿರ ಇದ್ದದ್ದನ್ನು ಚೀಲಕ್ಕೆ ಹಾಕಿದೆ. ಅದರಲ್ಲಿ ಎಳೆ ಇತ್ತು. ನನಗೆ ಕಂಡಿತ್ತು. ಯಾರು ನೋಡ್ತಾರೆ ಅಂದುಕೊಂಡೆ.

ಎರಡು ವರ್ಷ ಯಾರೂ ನೋಡಲಿಲ್ಲ ಎನ್ನುವುದೇ ಸತ್ಯ. ಯಾವ ನಂಬರಿಗೆ ಯಾವ ಹೆಸರು ಎಂಬ ಪಟ್ಟಿ ಸೀನಿಯರುಗಳಿಂದ ಜೂನಿಯರುಗಳಿಗೆ ಗುಟ್ಟಾಗಿ ಹೋಗುತ್ತಿತ್ತು. ಹದಿನೇಳು ಅಂದರೆ ಗ್ರಾನೈಟ್. ಕಲ್ಲಿನ ಬದಲು ಬೆಲ್ಲದ ಅಚ್ಚು ಇಟ್ಟಿದ್ದರೂ ಆ ಹುಡುಗರು ಗ್ರಾನೈಟ್ ಎಂದು ಹೇಳಿ, ಪಾಸಾಗಿ, ಕೋಟು ಹೊಲಿಸಿಕೊಳ್ಳುತ್ತಿದ್ದರು. ಥೂ!

೧೯೬೧ರ ಏಪ್ರಿಲ್. ಪರೀಕ್ಷಕರು ಹೊರಗಿನಿಂದ ಬಂದವರು. ಎರಡು ಗಂಟೆಗೆ ಅವರಿಗೆ ಮಂಗಳೂರಿನ ಬಸ್ಸು ಹಿಡಿಯಬೇಕಿತ್ತು, ಗಳಿಗೆಗೊಮ್ಮೆ ವಾಚು ನೋಡುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ಕೇಳುವುದು ಇಂಗ್ಲಿಷಿನಲ್ಲಿ. ನಾನು ನೀರಿನ ಲೋಟದ ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

“ಹದಿನೇಳು?”

“ನೈಸ್, ಸರ್,” ಎಂದರು ಎಸ್ತರ್.

“ಕಲ್ಲು ಚಂದ ಉಂಟಾ ಅಂತ ನಾನು ಕೇಳಿದ್ದಲ್ಲ. ಹೆಸರು ಹೇಳು.”

ಪರೀಕ್ಷಕರಿಗೆ ಅರ್ಥವಾಗಿತ್ತು, ಹುಡುಗಿಯನ್ನು ಗೇಲಿ ಮಾಡುವ ಚಪಲ ಅಷ್ಟೇ. ಹಿಂದೆ ಸಾಲುಗಟ್ಟಿ ನಿಂತ ಹುಡುಗರು ಹೋ ಎಂದು ನಕ್ಕರು. ಎಸ್ತರ್ ಕಿವಿಯವರೆಗೆ ಕೆಂಪಾದರು, ಆದರೆ ಬಿಡಲಿಲ್ಲ. ಅಭ್ರಕ ಒಂದೇ ದಿಕ್ಕಿಗೆ ಮಲಗಿದೆ, ಪಟ್ಟೆ ಕಾಣುತ್ತದೆ, ಗ್ರಾನೈಟಿನಲ್ಲಿ ದಿಕ್ಕು ಇರುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. “ದಯವಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಸರ್,” ಎಂದು ಕಲ್ಲನ್ನು ಮುಂದೆ ಚಾಚಿದರು. ಆ ಮಹಾನುಭಾವ ಕೈ ಎತ್ತಲಿಲ್ಲ. ಪೆಟ್ಟಿಗೆಯ ಕಲ್ಲುಗಳ ಹೆಸರು ಬರೆದಿಟ್ಟ ರಿಜಿಸ್ಟರಿನ ಮೇಲೆ ಬೆರಳಿಟ್ಟು, “ಇಲ್ಲಿ ಗ್ರಾನೈಟ್ ಅಂತ ಉಂಟು. ವಾದ ಮಾಡಬೇಡ,” ಎಂದರು.

ದೇವದಾಸರು ತಮ್ಮ ಬೂಟು ನೋಡಿಕೊಂಡರು. ನಾನು ಟ್ರೇ ನೋಡಿಕೊಂಡೆ. ಒಂದು ಮಾತು ಸಾಕಿತ್ತು, ಅದು ನಿಟ್ಟೆಯ ಕಲ್ಲು ಸ್ವಾಮಿ, ಅಂತ. ನನ್ನ ಹಾಳು ನಾಲಿಗೆ ಏಳಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ಎಸ್ತರ್ ಪ್ರಾಕ್ಟಿಕಲ್‌ನಲ್ಲಿ ಎರಡು ಅಂಕಕ್ಕೆ ಫೇಲು. ಪಟ್ಟಿ ಬಾಯಿಪಾಠ ಮಾಡಿದ ಇಪ್ಪತ್ತೆರಡು ಜನವೂ ಪಾಸು. ಕಾಪುವಿನ ಶಾಲೆಯವರು ಜೂನ್ ಕೊನೆಯವರೆಗೆ ಕಾದು ಬೇರೆಯವರನ್ನು ತೆಗೆದುಕೊಂಡರು. ಅವರಾದರೂ ಎಂತ ಮಾಡಿಯಾರು?

ಜುಲೈಯಲ್ಲಿ ಎಸ್ತರ್ ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ತುಂಬಲು ಬಂದರು. ಮುಖದಲ್ಲಿ ಕಳೆ ಇರಲಿಲ್ಲ. “ಈ ಸಲ ಹದಿನೇಳಕ್ಕೆ ಗ್ರಾನೈಟ್ ಅಂತಲೇ ಹೇಳ್ತೇನೆ ಶೀನಣ್ಣ. ವಾದ ಮಾಡದೆ ಅವರಿಗೆ ಬೇಕಾದ್ದು ಹೇಳಿ ಬಾ ಅಂದಿದ್ದಾರೆ ಅಮ್ಮ. ತಮ್ಮ ತಂಗಿಯರ ಓದು ಬಾಕಿ ಉಂಟಲ್ಲ,” ಎಂದರು. ನೋಡದೆ ಹೇಳಲಿಕ್ಕೆ ಬರುವುದೇ ಇಲ್ಲ ಎಂದ ಹುಡುಗಿ ಈಗ ನೋಡಿಯೂ ಸುಳ್ಳು ಹೇಳಬೇಕು! ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಮುಂದಿನ ಭಾನುವಾರ ಕಾರ್ಕಳದಲ್ಲಿ ಅಪ್ಪ ಕೆಲಸ ಮಾಡುವಲ್ಲಿಗೆ ಹೋಗಿ ಎಳೆಯ ಸುಳಿವೂ ಇಲ್ಲದ ಒಂದು ತುಂಡು ಒಡೆಸಿಕೊಂಡೆ. ತಂದು, ಹದಿನೇಳು ಎಂದು ಬರೆದು, ನಿಟ್ಟೆಯದನ್ನು ತೆಗೆದು, ಅದರ ಜಾಗದಲ್ಲಿ ಇಟ್ಟೆ. ಅವರು ಗ್ರಾನೈಟ್ ಎಂದು ಹೇಳಲಿ, ಅದು ಗ್ರಾನೈಟೇ ಆಗಿರಲಿ, ಅಷ್ಟೇ ನನ್ನ ಆಲೋಚನೆ. ದೊಡ್ಡ ಉಪಕಾರ ಮಾಡಿದೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ, ಕತ್ತೆ!

ಸೆಪ್ಟೆಂಬರಿನಲ್ಲೂ ಅದೇ ಪರೀಕ್ಷಕರು. “ಹದಿನೇಳು? ಈಗಲೂ ಚಂದ ಉಂಟಾ?”

ಎಸ್ತರ್ ಕಲ್ಲನ್ನು ಕೈಗೆ ತೆಗೆದುಕೊಂಡರು. ತಿರುಗಿಸಿದರು. ಕಿಟಕಿಯ ಕಡೆಗೆ ಹಿಡಿದರು. “ಗ್ರಾನೈಟ್, ಸರ್.”

“ಭೇಷ್. ಅಂತೂ ಕಲಿತೆ.”

“ಕಲಿತದ್ದಲ್ಲ ಸರ್. ಇದು ಗ್ರಾನೈಟ್. ಏಪ್ರಿಲಿನದ್ದು ನೈಸ್. ಯಾರೋ ಕಲ್ಲು ಬದಲಾಯಿಸಿದ್ದಾರೆ.”

ಸುಮ್ಮನಿದ್ದರೆ ಪಾಸಾಗಿ ಮನೆಗೆ ಹೋಗಬಹುದಿತ್ತು, ಅವರು ಸುಮ್ಮನಿರಲಿಲ್ಲ. ಪರೀಕ್ಷಕರು ದೇವದಾಸರ ಮುಖ ನೋಡಿದರು. “ಅದೇ ಕಲ್ಲು ಸರ್, ವಿಲಾಯತಿ ಪೆಟ್ಟಿಗೆ,” ಎಂದರು ದೇವದಾಸರು, ಕಣ್ಣು ಮಿಟುಕಿಸದೆ. ಎಸ್ತರ್ ನನ್ನ ಕಡೆ ತಿರುಗಿ, “ಶೀನಣ್ಣ, ನೀವು ಹೇಳಿ,” ಎಂದರು.

ಈ ಸಲ ಹೇಳಿದೆ. “ಬೇರೆ ಬೇರೆ ಸ್ವಾಮಿ. ಅದು ನಿಟ್ಟೆಯದು, ಎಳೆ ಇತ್ತು. ಇದು ಕಾರ್ಕಳದ್ದು. ಎರಡನ್ನೂ ತಂದಿಟ್ಟದ್ದು ನಾನೇ.” ವಿಲಾಯತಿಯದು ಯಾರ ಮೇಜಿನ ಮೇಲೆ ಉಂಟು ಎಂಬುದನ್ನೂ ಹೇಳಿದೆ. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ, “ಅಟೆಂಡರನ ಮಾತು ಬರೆದುಕೊಳ್ಳಲು ನಾನು ಬಂದದ್ದಲ್ಲ. ಏಪ್ರಿಲ್ ಮುಗಿಯಿತು. ಮುಂದಿನವರು,” ಎಂದರು.

ಎಸ್ತರ್ ಪಾಸಾದರು. ನನ್ನ ಕೆಲಸ ಅದೇ ತಿಂಗಳು ಹೋಯಿತು, ಅದರ ಬಗ್ಗೆ ನನಗೆ ಎಳ್ಳಷ್ಟೂ ದುಃಖ ಇಲ್ಲ. ಈಗ ಅಪ್ಪನ ಉಳಿ ಹಿಡಿದು ಕಡೆಯುವ ಕಲ್ಲು ಮಾಡುತ್ತೇನೆ. ಎಸ್ತರ್ ನಾಲ್ಕು ವರ್ಷ ಮನೆಯಲ್ಲಿ ಹೂ ಕಟ್ಟಿ, ಆಮೇಲೆ ಹೆಜಮಾಡಿಯ ಕಡೆ ಒಂದು ಶಾಲೆಗೆ ಸೇರಿದರು. ಪುಸ್ತಕ ಮುಚ್ಚಿಸಿ ಮಕ್ಕಳ ಕೈಗೆ ಕಲ್ಲು ಕೊಡುತ್ತಾರಂತೆ, ನೋಡದೆ ಹೇಳಿದವರಿಗೆ ಚೆನ್ನಾಗಿ ಬೈಯುತ್ತಾರಂತೆ.

ಅವರು ನನ್ನ ಹತ್ತಿರ ಕೊನೆಯದಾಗಿ ಮಾತಾಡಿದ್ದು ಆ ಸೆಪ್ಟೆಂಬರಿನ ದಿನವೇ, ಲ್ಯಾಬಿನ ಜಗಲಿಯಲ್ಲಿ. ಒಂದು ಥ್ಯಾಂಕ್ಸ್ ಹೇಳುತ್ತಾರೆ ಎಂದು ನಾನು ಕಾದು ನಿಂತಿದ್ದೆ.

“ಏಪ್ರಿಲಿನಲ್ಲಿ ನೀವು ಅಲ್ಲೇ ನಿಂತಿದ್ದಿರಿ, ಅಲ್ವಾ?”

“ಹೌದು.”

“ಅದು ಎಂಥ ಕಲ್ಲು ಅಂತ ಆಗಲೇ ಗೊತ್ತಿತ್ತು?”

“ಗೊತ್ತಿತ್ತು. ಕೆಲಸ ಹೋಗುತ್ತದೆ ಅಂತ ಹೆದರಿದೆ.”

“ಐದು ತಿಂಗಳು ನಾನು ಎಂತ ಮಾಡಿದೆ, ಗೊತ್ತುಂಟಾ? ಕಾಪುವಿನ ಬಂಡೆಯ ಮೇಲೆ ಹೋಗಿ ಕೂತು, ಈ ಪಟ್ಟೆ ನಿಜವಾಗಿ ಉಂಟಾ, ನನ್ನ ಕಣ್ಣಿಗೆ ಮಾತ್ರ ಕಾಣುವುದಾ ಅಂತ ಬೆರಳಿಟ್ಟು ಸವರಿದ್ದೇನೆ. ನನಗೇ ಏನೋ ಆಗಿದೆ ಅಂದುಕೊಂಡಿದ್ದೆ. ಆ ಸಾಹೇಬರು ಕಲ್ಲು ನೋಡಲೇ ಇಲ್ಲ, ಅವರಿಗೆ ಬೈದು ಮರೆಯಬಹುದು. ನೀವು ನೋಡಿದ್ದಿರಿ, ಶೀನ.”

ಮೂರು ವರ್ಷದಲ್ಲಿ ಮೊದಲ ಸಲ ನನ್ನ ಹೆಸರಿನ ಜೊತೆ ಅಣ್ಣ ಇರಲಿಲ್ಲ.

“ತಪ್ಪಾಯಿತು,” ಅಂದೆ.

“ಏಪ್ರಿಲಿನಲ್ಲಿ ಹೇಳಬೇಕಿತ್ತು,” ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು ಬಸ್ಸಿಗೆ ನಡೆದರು.