ಅವಳು ಕಾಡಿಗೆ, ನಾನು ದಾಳಿಂಬಕ್ಕೆ

ಭೂಕಂಪದಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಗೋಡೆಯಡಿ ಸಿಕ್ಕು ತೀರಿಕೊಂಡಾಗ ಅವರ ಒಬ್ಬಳೇ ಮಗಳು ನಿಲಂಗಾದ ನಮ್ಮ ಮನೆಗೆ ಬಂದಳು. ನನಗಿಂತ ಆರು ತಿಂಗಳು ದೊಡ್ಡವಳು. ಅಂದಿನಿಂದ ಬಿಸಿ ರೊಟ್ಟಿ ಮೊದಲು ಅವಳ ತಾಟಿಗೇ ಬೀಳುತ್ತಿತ್ತು. ತಾಯಿಲ್ಲದ ಕೂಸು ಎಂದು ಅವ್ವ ಅವಳ ತಲೆ ಬಾಚುತ್ತಿದ್ದರೆ ನಾನು ಹೊಸ್ತಿಲಲ್ಲಿ ಕೂತು ಕುದಿಯುತ್ತಿದ್ದೆ. ನರ್ಸಿಂಗ್ ಕಲಿಯಲು ಉದಗೀರಕ್ಕೆ ಕಳಿಸಿದ್ದೂ ಅವಳನ್ನೇ.

ಓದು ಮುಗಿಯುವ ಹೊತ್ತಿಗೆ ಅವಳಿಗೆ ದಾಳಿಂಬ ಎಂಬ ಊರಿನಿಂದ ಸಂಬಂಧ ಬಂತು. ಗಂಡು ಮೊದಲ ಹೆಂಡತಿಯನ್ನು ಕಳೆದುಕೊಂಡವನು, ಹದಿನೈದು ವರ್ಷ ದೊಡ್ಡವನು, ಹೊಲಮನೆ ಇದ್ದವನು. ಅವಳನ್ನು ಯಾರೂ ಕೇಳಲಿಲ್ಲ. ಲಗ್ನಕ್ಕೆ ಎಂಟು ದಿನವಿದ್ದಾಗ ಅವಳು ಕಾಣೆಯಾದಳು. ಗಡಚಿರೋಲಿಯ ಕಾಡಿನಲ್ಲಿ ಬಂದೂಕು ಹಿಡಿದವರನ್ನು ಸೇರಿದ್ದಾಳೆಂದು ಪೊಲೀಸರು ಬಂದು ಹೇಳಿದ್ದು ಆಮೇಲೆ. ಅಷ್ಟರಲ್ಲಿ ಅಪ್ಪ, ಕೊಟ್ಟ ಮಾತು ಹೋಗಬಾರದೆಂದು, ಅವಳಿಗೆ ತಂದ ಸೀರೆಯನ್ನೇ ನನಗೆ ಉಡಿಸಿ ಅದೇ ಗಂಡಿಗೆ ಕೊಟ್ಟಾಗಿತ್ತು.

ಗಂಡ ಕೆಟ್ಟವನಲ್ಲ. ಆದರೂ ತೊಗರಿ ಕೊಯ್ಯುತ್ತ ಬಗ್ಗಿದಾಗೆಲ್ಲ, ಅವಳು ಎಲ್ಲೋ ಪ್ಯಾಂಟು ತೊಟ್ಟು ನೆಟ್ಟಗೆ ನಡೆಯುತ್ತಿರುವಂತೆ ಕಾಣುತ್ತಿತ್ತು. ಸತ್ತಿರಬೇಕು ಎಂದು ಯಾರಾದರೂ ಅಂದರೆ ಮೊದಲು ಹಾಯೆನಿಸುತ್ತಿತ್ತು. ನಾಚಿಕೆ ಬರುತ್ತಿದ್ದುದು ಆಮೇಲೆ.

ಹನ್ನೊಂದು ವರ್ಷದ ನಂತರ, ಪೊಲೀಸರಿಗೆ ಶರಣಾಗಿ ಕೇಸು ಮುಗಿಸಿಕೊಂಡು ಅವಳು ದಾಳಿಂಬದ ನಮ್ಮ ಮನೆಗೆ ಬಂದಳು. ನನ್ನೆದುರು ಕೂತು ಶೇಂಗಾ ಸುಲಿಯತೊಡಗಿದಳು.

“ಲಗ್ನ ಬ್ಯಾಡಂತ ಹೋದಿ?” ಎಂದೆ.

“ಅದೊಂದೇ ಅಲ್ಲ. ಮನ್ಯಾಗ ನನಗ ಗಂಡನ್ನ ಹುಡುಕಲತ್ತಿದ್ರು. ಕಾಡಿನವರ ಪೈಕಿ ಒಬ್ಬಾಕಿ ಹಾಸ್ಟೆಲಿಗಿ ನನ್ನ ಹುಡುಕ್ಕೊಂಡು ಬಂದಳು. ಗಾಯ ಕಟ್ಟಾಕಿ ಬೇಕಾಗ್ಯಾಳ, ಬರ್ತಿ ಏನು ಅಂತ ಕೇಳಿದಳು. ಹಂಗ ನನಗ ಯಾರೂ ಕೇಳಿದ್ದಿಲ್ಲ.”

“ಅಲ್ಲಿ ಛಲೋ ಇತ್ತೇನು?”

“ಒಂದ್ ವರ್ಷ ಇತ್ತು. ಆಮ್ಯಾಲ ಬಂದೂಕು ಕೊಟ್ರು. ಯಾರಿಗಿ ಹೊಡೀಬೇಕು ಅನ್ನೋದು ಮಾತ್ರ ಅಲ್ಲೂ ನನಗ ಕೇಳ್ಲಿಲ್ಲ. ಒಬ್ಬ ಮಾಸ್ತರಗ ಗುಂಡು ಹೊಡದ್ವಿ. ಅವನ ಹೆಂಡ್ತಿ ನನ್ನ ಕಾಲು ಹಿಡದಿದ್ದಳು. ಅವತ್ತೇ ಬಿಡಬೇಕಂತ ಮಾಡಿದೆ. ಬಿಡಲಾಕ ಮೂರು ವರ್ಷ ಹಿಡೀತು.”

ಶೇಂಗಾ ಪಕ್ಕಕ್ಕೆ ಸರಿಸಿ, “ನನ್ನ ಜಾಗದಾಗ ನಿನ್ನ ಕೂಡಿಸಿದ್ರು ಅಂತ ಗೊತ್ತಾಗಿತ್ತು. ಬೈಯಬೇಕಂದ್ರ ಬೈ” ಎಂದಳು.

ಬೈಯಲಿಲ್ಲ. ಆ ಮಾಸ್ತರನ ಹೆಂಡತಿಗಾಗಿ ನನ್ನ ಕರುಳು ಚುರುಕ್ಕೆನ್ನಬೇಕಿತ್ತು. ಅದು ಚುರುಕ್ಕೆಂದಿದ್ದು ರಾತ್ರಿ, ಮಲಗಿದ ಮೇಲೆ. ಆ ಗಳಿಗೆಯಲ್ಲಿ ನನ್ನನ್ನು ಸುಟ್ಟಿದ್ದು ಒಂದೇ: ಬರುತ್ತೀಯಾ ಎಂದು ಅವಳನ್ನು ಒಬ್ಬರು ಕೇಳಿದ್ದರು.

ಈಗ ಅವಳು ಉಮರ್ಗಾದ ದವಾಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಕಳೆದ ವರ್ಷ ನನ್ನ ಮಗಳಿಗೆ ಸಂಬಂಧ ಬಂದಾಗ, ಮಗಳು ನನಗೆ ಏನೂ ಹೇಳದೆ ಶೇರ್ ಆಟೋ ಹತ್ತಿ ಉಮರ್ಗಾಕ್ಕೆ, ಈ ದೊಡ್ಡವ್ವನ ಬಳಿ ಹೋದಳು. ಸಂಜೆ ನಗುತ್ತ ಬಂದು, ಸಂಬಂಧ ಬೇಡವೆಂದಳು. ಗಂಡನನ್ನು ನಾನೇ ಒಪ್ಪಿಸಿದೆ. ಆದರೆ ಅಲ್ಲಿ ಏನು ಮಾತಾಡಿದಿರಿ ಎಂದು ಮಗಳನ್ನು ಕೇಳಲು ಇಂದಿಗೂ ನನಗೆ ಮನಸ್ಸು ಬಂದಿಲ್ಲ.