ಐದನೆಯ ಪುಟಕ್ಕೆ ಉಕ್ಕಿದ ವಾಕ್ಯ

ನಮ್ಮ ದೊಡ್ಡಪ್ಪ ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವರು. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ತಪ್ಪು ಹುಡುಕುತ್ತಿದ್ದರು, ಆಮೇಲೆ ತಾರೀಖು. ಬಂಧುಬಳಗದಲ್ಲಿ ಅವರಿಗೆ ಕೆಂಪುಶಾಯಿ ಎಂದೇ ಅಡ್ಡಹೆಸರು. ದೊಡ್ಡಮ್ಮನ ತವರಿನ ಮಾತು ತಮಿಳು. ದೊಡ್ಡಪ್ಪನಿಗೆ ಅದರ ಒಂದಕ್ಷರವೂ ಬಾರದು. ಆದರೂ ಹಳೆಯ ತಮಿಳಿನ ನೀತಿಪದ್ಯಗಳನ್ನು ಕನ್ನಡಕ್ಕೆ ತರುವ ಹುಚ್ಚು ಹಿಡಿಯಿತು. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ದೊಡ್ಡಮ್ಮ ತರಕಾರಿ ಹೆಚ್ಚುತ್ತ ಒಂದು ಪದ್ಯ ಓದಿ ಅರ್ಥ ಬಿಡಿಸಿ ಹೇಳುವುದು, ಇವರು ಅದನ್ನು ತಿದ್ದಿ ತೀಡಿ ಬರೆಯುವುದು. ಸತ್ಯ, ತಾಳ್ಮೆ, ಉಪಕಾರಸ್ಮರಣೆ ಮುಗಿದು ಮೊದಲ ಭಾಗ ಅಚ್ಚಿಗೆ ಹೋಯಿತು. ಉಪಕಾರ ಮಾಡಿದವರನ್ನು ಮರೆಯಬಾರದೆನ್ನುವ ಅಧ್ಯಾಯವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ ಎಂದು ಬೀಗುತ್ತಿದ್ದರು.

ಮುನ್ನುಡಿಗೆ ನಾಲ್ಕೇ ಪುಟ. ಕೊನೆಯ ಪ್ರೂಫಿನಲ್ಲಿ ಒಂದು ವಾಕ್ಯ ಐದನೆಯ ಪುಟಕ್ಕೆ ಉಕ್ಕಿತು. ಪ್ರೆಸ್ಸಿನ ಮಾಲೀಕರು, ಕಾಗದದ ಅಂಗಡಿಯವರು, ಕನ್ನಡಕ ಮಾಡಿಕೊಟ್ಟವರು, ಎಲ್ಲರಿಗೂ ವಂದನೆ ಹೇಳಿ ಕಟ್ಟಕಡೆಗೆ ಹೆಂಡತಿಗೆ ಹೇಳಿದ್ದ ವಾಕ್ಯ ಅದು. ಹೊರಗಿನವರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ, ಮನೆಯವಳು ಏನೂ ಅಂದುಕೊಳ್ಳುವುದಿಲ್ಲ ಎಂದು ಈ ಮಹಾನುಭಾವರು ಅದನ್ನೇ ಹೊಡೆದುಹಾಕಿದರು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ದೊಡ್ಡಮ್ಮ ಮುನ್ನುಡಿಯನ್ನು ಎರಡು ಸಲ ಓದಿ, "ತಪ್ಪು ಒಂದೂ ಇಲ್ಲ ರೀ," ಎಂದು ಪುಸ್ತಕ ವಾಪಸು ಕೊಟ್ಟರಂತೆ. ಇವರು ಹಿಗ್ಗಿದರಂತೆ. ಮರುದಿನ ಎರಡನೆಯ ಭಾಗಕ್ಕೆ ನೋಟ್‌ಬುಕ್ ಹಿಡಿದು ಕೂತರೆ, ತಮಿಳು ಮರೆತುಹೋಗಿದೆ ಎಂದರು ದೊಡ್ಡಮ್ಮ. ಇವರು ತಮಾಷೆಯೆಂದು ನಕ್ಕರು. ಮೂರನೆಯ ದಿನಕ್ಕೆ ನಗು ನಿಂತಿತು. ಆ ವಾಕ್ಯವನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿ, ಉಳಿದ ಪ್ರತಿಗಳಿಗೆಲ್ಲ ತಾವೇ ಕೂತು ಅಂಟಿಸಿದರು. ತಪ್ಪಾಯಿತು ಎಂದು ಕೈಮುಗಿದರು. ದೊಡ್ಡಮ್ಮ ಜಗಳ ಆಡಲಿಲ್ಲ, ಹೊತ್ತಿಗೆ ಸರಿಯಾಗಿ ಬಡಿಸುವುದನ್ನೂ ಬಿಡಲಿಲ್ಲ. ಪದ್ಯ ಮಾತ್ರ ಓದಲಿಲ್ಲ. ಆರು ವರ್ಷವಾಯಿತು.

ಈಗ ಎಪ್ಪತ್ತೊಂದರಲ್ಲಿ ದೊಡ್ಡಪ್ಪ ಮಕ್ಕಳ ಪುಸ್ತಕ ಇಟ್ಟುಕೊಂಡು ತಮಿಳು ಅಕ್ಷರ ಕಲಿಯುತ್ತಿದ್ದಾರೆ. ಕಣ್ಣು ಮಂಜಾಗಿದೆ, ಎರಡನೆಯ ಭಾಗ ಮುಗಿಯುವುದಿಲ್ಲವೆಂದು ಅವರಿಗೂ ಗೊತ್ತು. ಮೊನ್ನೆ ನಾನು ಹೋದಾಗ ಹೊರಕೋಣೆಯಲ್ಲಿ ಒಂದೇ ಸಾಲನ್ನು ಬೇಕೆಂದೇ ಜೋರಾಗಿ, ಅಡುಗೆಮನೆಗೆ ಕೇಳಿಸುವಂತೆ ಓದುತ್ತಿದ್ದರು. ಪಾತ್ರೆ ಒರೆಸುತ್ತಿದ್ದ ದೊಡ್ಡಮ್ಮನ ಕೈ ಪ್ರತಿ ಸಲವೂ ಅದೇ ಪದಕ್ಕೆ ನಿಲ್ಲುತ್ತಿತ್ತು.

"ತಪ್ಪು ಓದ್ತಿದ್ದಾರಾ?" ಎಂದೆ.

"ಹೂಂ."

"ಹೇಳಿಕೊಡಬಾರದಾ ದೊಡ್ಡಮ್ಮ? ಪಾಪ, ನಿಮಗೆ ಕೇಳ್ಲಿ ಅಂತಾನೇ ಓದ್ತಿದ್ದಾರೆ."

"ಗೊತ್ತು ಕಣೆ. ಹೇಳೋಣ ಅಂತ ಬಾಯಿ ತೆಗೀತೀನಿ. ಮನಸ್ಸೇ ಬರಲ್ಲ."

ಅವರ ಕಣ್ಣು ತುಂಬಿತ್ತು. ಹೊರಗೆ ದೊಡ್ಡಪ್ಪ ಅದೇ ಸಾಲನ್ನು ಮತ್ತೆ ತಪ್ಪಾಗಿ ಶುರುಮಾಡಿದರು.